ಬರೀ ಅಂಕಿಯ ಚೀಟಿ

ನನಗೆ ಸಿಟ್ಟು ಜಲ್ದಿ ಬರುತ್ತದೆ. ಮುಚ್ಚಿಟ್ಟು ಉಪಯೋಗವಿಲ್ಲ, ಹೊಸಪೇಟೆಯಲ್ಲಿ ನಮ್ಮ ಅಂಗಡಿಯ ಮೆಟ್ಟಿಲು ಒಮ್ಮೆ ಹತ್ತಿದವರಿಗೆಲ್ಲ ಅದು ಗೊತ್ತು. ನಾನು ಪ್ರೆಷರ್ ಗೇಜುಗಳನ್ನು ರಿಪೇರಿ ಮಾಡುವವಳು. ಬಾಯ್ಲರಿನ ನೆತ್ತಿಯ ಮೇಲೆ, ಕಂಪ್ರೆಸರಿನ ಪಕ್ಕದಲ್ಲಿ, ಗಡಿಯಾರದ ಹಾಗೆ ಗುಂಡಗಿನ ಮುಖದ, ಒಂದೇ ಮುಳ್ಳಿನ ಮೀಟರು ಇರುತ್ತದಲ್ಲ, ಅದು. ಒಳಗೆ ಎಷ್ಟು ಒತ್ತಡ ಇದೆ ಎಂದು ಹೊರಗೆ ನಿಂತವರಿಗೆ ಹೇಳುವುದು ಅದರ ಕೆಲಸ. ಅದು ಸುಳ್ಳು ಹೇಳಲು ಶುರು ಮಾಡಿದರೆ ನನ್ನ ಟೇಬಲ್ಲಿಗೆ ಬರುತ್ತದೆ. ಕಂಪ್ಲಿಯ ರೈಸ್‌ಮಿಲ್ಲುಗಳಿಂದ ಬರುತ್ತದೆ, ಸಂಡೂರಿನ ಕಡೆಯ ಗಣಿಗಳಿಂದ ಬರುತ್ತದೆ, ಟಯರ್ ಅಂಗಡಿಗಳಿಂದ ಬರುತ್ತದೆ. ಅಪ್ಪ ಶುರು ಮಾಡಿದ ಅಂಗಡಿ. ಡಿಪ್ಲೊಮಾ ಮುಗಿಸಿ ನಾನು ಅಪ್ಪನ ಎದುರಿನ ಸ್ಟೂಲಿನ ಮೇಲೆ ಕೂತೆ, ಅಪ್ಪ ಹೋದ ಮೇಲೆ ಅಪ್ಪನ ಕುರ್ಚಿಗೆ ಬಂದೆ.

ಸಿಟ್ಟಿಗೆ ಕಾರಣ ನೋಡಿದರೆ ಸಣ್ಣದು. ಗಿರಾಕಿ ಬರುತ್ತಾನೆ, ಗೇಜನ್ನು ಟೇಬಲ್ಲಿನ ಮೇಲೆ ಇಡುತ್ತಾನೆ.

"ಅಕ್ಕಾರ, ಇದು ಏಳಕ್ಕ ನಿಂದ್ರವಲ್ದು ನೋಡ್ರಿ."

"ಏಳು ಏನು?"

"ಏಳ್ರೀ."

"ಏಳು ಪೌಂಡಾ, ಏಳು ಕೇಜಿನಾ, ಏಳು ಬಾರಾ?"

"ಏಳು ಅಂದ್ರ ಏಳ್ರೀ ಅಕ್ಕಾರ. ಅದರ ಮ್ಯಾಲ ಬರದೈತಲ್ಲ."

ಇಲ್ಲಿಗೆ ನನ್ನ ತಲೆ ಬಿಸಿಯಾಗುತ್ತದೆ. ಇದೇ ಮನುಷ್ಯ ಬಟ್ಟೆ ಅಂಗಡಿಗೆ ಹೋಗಿ "ಮೂರು ಬಟ್ಟೆ ಕೊಡು" ಅನ್ನುತ್ತಾನೆಯೇ? ಮೂರು ಮೀಟರು ಅನ್ನುತ್ತಾನೆ. ಎರಡು ಬೆರಳಷ್ಟು ಕಡಿಮೆ ಹರಿದರೆ ಜಗಳಕ್ಕೆ ನಿಲ್ಲುತ್ತಾನೆ. ಕಾಲಬುಡದಲ್ಲಿ ಕುದಿಯುತ್ತಿರುವ ಬಾಯ್ಲರಿಗೆ ಮಾತ್ರ ಬರೀ ಏಳು ಸಾಕು.

ಇದೇನು ದೊಡ್ಡ ಶಾಸ್ತ್ರವಲ್ಲ. ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡು ಭಾರ ಕೂತಿದೆ ಎಂದು ಎಣಿಸಿದರೆ ಅದು ಪೌಂಡಿನ ಲೆಕ್ಕ. ಒಂದು ಚದರ ಸೆಂಟಿಮೀಟರಿನ ಮೇಲೆ ಎಷ್ಟು ಕೇಜಿ ಎಂದು ಎಣಿಸಿದರೆ ಕೇಜಿಯ ಲೆಕ್ಕ. ಒಂದು ಕೇಜಿಗೆ ಹದಿನಾಲ್ಕು ಪೌಂಡು, ಮೇಲೊಂದು ಚೂರು. ಒಂದು ಬಾರ್ ಅಂದರೆ ಹದಿನಾಲ್ಕೂವರೆ ಪೌಂಡು. ಆ ಬಾರನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಕಿಲೋಪಾಸ್ಕಲ್ ಎಂದು ಹೆಸರು. ಒಳಗಿನ ಒತ್ತಡ ಅದೇ, ಅಳೆಯುವ ಕೊಳಗ ಬೇರೆ. ಅಪ್ಪ ಇದನ್ನೆಲ್ಲ ನೀಲಿ ಬಣ್ಣದಲ್ಲಿ ಅಂಗಡಿಯ ಗೋಡೆಯ ಮೇಲೆ ಬರೆದಿದ್ದ. ಆ ಬರಹ ಇವತ್ತಿಗೂ ಇದೆ. ಹಂಪಿಯ ದಾರಿಯಲ್ಲಿ ಗಾಡಿಗಳಿಗೆ ಗಾಳಿ ಹಾಕುವವನೊಬ್ಬ ಒಮ್ಮೆ ಬಂದು ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದ. ಬಾಡಿಗೆ ಸ್ಕೂಟರಿನ ವಿದೇಶದವರು ಎರಡು ಬೆರಳು ತೋರಿಸಿದರೆ ಇಪ್ಪತ್ತು ಪೌಂಡು ಹಾಕಿ ಕಳಿಸುತ್ತಿದ್ದನಂತೆ. ಅವರು ಕೇಳಿದ್ದು ಎರಡು ಬಾರು, ಅಂದರೆ ಇಪ್ಪತ್ತೊಂಬತ್ತು ಪೌಂಡು.

ಅಪ್ಪನಿಗೆ ಒಂದು ಪದ್ಧತಿ ಇತ್ತು. ಮಿಲ್ಲಿನವರೋ ಗಣಿಯವರೋ ಗೇಜಿನ ಜೊತೆ ಚೀಟಿ ಬರೆದು ಕಳಿಸುತ್ತಾರೆ, ಇಷ್ಟಕ್ಕೆ ಕೂಡಿಸಿ ಕೊಡಿ ಎಂದು. ಅದರಲ್ಲಿ ಬರೀ ಅಂಕಿ ಇದ್ದರೆ ಅಪ್ಪ ಗೇಜನ್ನು ಮುಟ್ಟುತ್ತಲೇ ಇರಲಿಲ್ಲ. ಚೀಟಿಯನ್ನು ತಂದವನ ಕೈಗೇ ತಿರುಗಿ ಕೊಟ್ಟು, "ಯಾತರಾಗ ಅಂತ ಬರ್ಸಿಕೊಂಡು ಬಾರಪಾ, ಆಮ್ಯಾಲ ನೋಡೂಣು," ಅನ್ನುತ್ತಿದ್ದ. ಕಂಪ್ಲಿಯಿಂದ ಬಂದವನಾದರೂ ಅಷ್ಟೇ, ಸಂಡೂರಿನಿಂದ ಬಂದವನಾದರೂ ಅಷ್ಟೇ. ಮತ್ತೆ ಬಸ್ಸು ಹತ್ತಿ ಹೋಗಿ ಬರೆಸಿಕೊಂಡು ಬರಬೇಕು. ಫೋನು ಬಂದ ಮೇಲೂ ಚೀಟಿಯ ಪದ್ಧತಿ ಬಿಡಲಿಲ್ಲ. ನಾನೂ ಬಿಟ್ಟಿಲ್ಲ.

ಅದಕ್ಕೆ ಕಾರಣವೂ ಇತ್ತು. ಕಂಪ್ಲಿಯ ಒಂದು ಮಿಲ್ಲಿನಲ್ಲಿ ಸ್ಟೀಮ್ ಅಕ್ಕಿ ಮಾಡುತ್ತಿದ್ದರು. ಬಾಯ್ಲರಿನ ಒಲೆಗೆ ಭತ್ತದ ಹೊಟ್ಟು ಹಾಕಲು ಒಬ್ಬ ಮುದುಕ ಇದ್ದ. ಹಳೆಯ ಗೇಜು ಪೌಂಡಿನದು. ಮುಳ್ಳು ನೂರಕ್ಕೆ ಬಂದರೆ ಹೊಟ್ಟು ನಿಲ್ಲಿಸಬೇಕು ಎಂದು ಅವನಿಗೆ ಗೊತ್ತು. ಅದು ಕೆಟ್ಟಾಗ ಮಾಲೀಕರು ಎಲ್ಲಿಂದಲೋ ಕೇಜಿಯ ಹೊಸ ಗೇಜು ತಂದು ಹಾಕಿಸಿದರು. ನೂರು ಪೌಂಡು ಅಂದರೆ ಏಳು ಕೇಜಿ. ಮುದುಕ ನೋಡುತ್ತಾನೆ, ಮುಳ್ಳು ಏಳರಲ್ಲಿದೆ. ನೂರೆಲ್ಲಿ, ಏಳೆಲ್ಲಿ. ಪಾಪ, ಸ್ಟೀಮು ಸಾಲದು ಎಂದು ಹೊಟ್ಟು ಹಾಕಿದ, ಇನ್ನೂ ಹಾಕಿದ. ಕೊನೆಗೆ ಸೇಫ್ಟಿ ವಾಲ್ವು ಕಿತ್ತುಕೊಂಡು ಕೂಗಿದಾಗ ಇಡೀ ಮಿಲ್ಲು ಕಾಲುವೆಯ ದಂಡೆಗೆ ಓಡಿತು. ಯಾರಿಗೂ ಏನೂ ಆಗಲಿಲ್ಲ. ಮಾಲೀಕರು ಮಾತ್ರ ಮುದುಕನಿಗೆ, "ಕಣ್ಣು ಕಾಣಂಗಿಲ್ಲೇನಲೇ ನಿನಗ," ಎಂದು ಎಲ್ಲರೆದುರು ಬೈದರು. ಅಪ್ಪ ಅಂದೇ ಹೋಗಿ ಏಳರ ಮೇಲೆ ಕೆಂಪು ಗೆರೆ ಬಳಿದು ಬಂದ. ಆಗ ನಾನು ಅಪ್ಪನ ಜೊತೆಗಿದ್ದೆ. ಮುದುಕನ ಕಣ್ಣು ಸರಿಯಾಗಿತ್ತು, ಕಂಡದ್ದನ್ನೇ ಅವನು ನಂಬಿದ್ದ. ಗೇಜು ಬದಲಾಯಿಸಿದವರು ಅವನಿಗೊಂದು ಮಾತು ಹೇಳಿದ್ದರೆ ಅವರಪ್ಪನ ಮನೆಯ ಗಂಟೇನು ಹೋಗುತ್ತಿತ್ತು?

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇಷ್ಟೆಲ್ಲ ಗೊತ್ತಿದ್ದವಳು ನಾನು ಎಂದು ಗೊತ್ತಾಗಲಿ ಅಂತ.

ನನಗೊಬ್ಬ ತಮ್ಮ. ವಡ್ಡು ಎಂಬ ಊರಿನಲ್ಲಿ ಹೆಂಡತಿಯ ಜೊತೆ ಇರುತ್ತಾನೆ. ಗುತ್ತಿಗೆದಾರನೊಬ್ಬನ ಕೈಕೆಳಗೆ, ತೋರಣಗಲ್ಲಿನ ಆಚೆಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣದ ಪೈಪುಗಳನ್ನು ಒಂದಕ್ಕೊಂದು ಬಿಗಿದು ಎತ್ತರಕ್ಕೆ ಅಟ್ಟಣಿಗೆ ಕಟ್ಟುವ ಕೆಲಸ. ಬೇರೆಯವರು ನಿಂತು ವೆಲ್ಡಿಂಗು ಮಾಡುವ ಜಾಗವನ್ನು ಇವನು ಮೊದಲು ಹೋಗಿ ಕಟ್ಟಬೇಕು. ವರ್ಷಕ್ಕೊಮ್ಮೆ ಕುಲುಮೆ ನಿಲ್ಲಿಸಿ ರಿಪೇರಿ ಮಾಡುತ್ತಾರೆ, ಅದಕ್ಕೆ ಶಟ್‌ಡೌನ್ ಅನ್ನುತ್ತಾರೆ. ಎಷ್ಟೋ ವರ್ಷ ಬೇರೆಯವರ ಗ್ಯಾಂಗಿನಲ್ಲಿ ಪೈಪು ಹೊತ್ತವನಿಗೆ ಆ ಸಲ ಮೊದಲನೇ ಬಾರಿ ಮೇಸ್ತ್ರಿ ಮಾಡುತ್ತೇವೆ ಅಂದಿದ್ದರು. ಹತ್ತು ಜನರ ಗ್ಯಾಂಗು ಅವನದು. ಆ ಹತ್ತು ಜನರನ್ನೂ ಅವನೇ ಆರಿಸಿದ್ದ. ಹಳದಿ ಹೆಲ್ಮೆಟ್ಟು ಹೋಗಿ ಬಿಳಿ ಹೆಲ್ಮೆಟ್ಟು ಬರುತ್ತದೆ ಎಂದು ಫೋನಿನಲ್ಲಿ ನನಗೆ ಮೂರು ಸಲ ಹೇಳಿದ.

ಎತ್ತರ ಹತ್ತುವವರಿಗೆ ಪ್ರತಿ ಶಟ್‌ಡೌನಿಗೂ ಮೊದಲು ಮೆಡಿಕಲ್ ಆಗಬೇಕು. ಬಿಪಿ ನೂರಾ ನಲವತ್ತು, ತೊಂಬತ್ತರ ಒಳಗಿರಬೇಕು. ಇಲ್ಲದಿದ್ದರೆ ಗೇಟಿನ ಪಾಸು ಇಲ್ಲ. ಅದಕ್ಕೆಂದೇ ಆ ಕಡೆಯ ಮನೆಗಳಲ್ಲಿ ಮೆಡಿಕಲ್ ಊಟ ಎಂಬ ಒಂದು ಊಟ ಹುಟ್ಟಿಕೊಂಡಿದೆ. ಎರಡು ದಿನ ಮೊದಲಿನಿಂದ ಉಪ್ಪಿಲ್ಲ, ಕಾರವಿಲ್ಲ. ಸಪ್ಪನೆಯ ಅಂಬಲಿ, ನೀರು ಮಜ್ಜಿಗೆ, ಹಸಿ ಬೆಳ್ಳುಳ್ಳಿ. ಬಿಪಿಯ ಸುಳಿವೂ ಇಲ್ಲದ ಇಪ್ಪತ್ತರ ಹುಡುಗರೂ ಅದನ್ನೇ ತಿನ್ನುತ್ತಾರೆ, ಯಾಕೆ ಅಪಾಯ ಎಂದು. ವಡ್ಡುವಿನಲ್ಲಿ ಯಾವ ಮನೆಯಿಂದ ಒಗ್ಗರಣೆಯ ವಾಸನೆ ಬರುವುದಿಲ್ಲವೋ ಆ ಮನೆಯವನಿಗೆ ನಾಳೆ ಮೆಡಿಕಲ್ ಎಂದು ತಿಳಿದುಕೊಳ್ಳಬಹುದು. ನನ್ನ ತಮ್ಮನೂ ಎರಡು ದಿನ ಸಪ್ಪೆ ಉಂಡು, ಬಾಯೆಲ್ಲ ಬೆಳ್ಳುಳ್ಳಿ ನಾರುತ್ತ ಹೋದ.

ಅಂದು ಮಧ್ಯಾಹ್ನ ಅವನು ನೇರ ನನ್ನ ಅಂಗಡಿಗೆ ಬಂದ. ಒಂದು ಚೀಟಿಯನ್ನು ಟೇಬಲ್ಲಿನ ಮೇಲಿಟ್ಟು ಗೋಡೆಗೆ ಒರಗಿ ನಿಂತ. ಚೀಟಿಯಲ್ಲಿ ಅವನ ಹೆಸರು, ವಯಸ್ಸು, ಅದರ ಕೆಳಗೆ 173/113, ಅದರ ಮೇಲೆ ನೇರಳೆ ಬಣ್ಣದಲ್ಲಿ ಅನ್‌ಫಿಟ್ ಎಂದು ಠಸ್ಸೆ. ನಾನು ಓದಿದೆ. ಓದಿ, ಮಡಚಿ, ಅವನ ಅಂಗಿಯ ಜೇಬಿಗೆ ತುರುಕಿದೆ.

"ಲೇ, ನೂರಾ ಎಪ್ಪತ್ಮೂರು ಅಂದ್ರ ಏನಂತ ಗೊತ್ತೈತೇನಲೇ ನಿನಗ?"

"ಅಕ್ಕಾ, ನನಗ ಏನೂ ಆಗಿಲ್ಲ. ಗಟ್ಟಿ ಅದೀನಿ."

"ಬಿಪಿ ಬಂದವ್ರೆಲ್ಲಾ ಹಂಗ ಅಂತಾರ. ಗುಟ್ಕಾ ಹಾಕ್ಕೋ, ದಿನಾ ಸಂಜಿಕ ಮಿರ್ಚಿ ತಿನ್ನು, ಉಪ್ಪಿನಕಾಯಿ ನೆಕ್ಕು. ಉಪ್ಪು ತಿಂದವ ನೀರು ಕುಡೀಬೇಕು."

"ಗುಟ್ಕಾ ಬಿಟ್ಟು ಎರಡು ವರ್ಷ ಆತಕ್ಕ."

"ಯಾರಿಗೆ ಹೇಳ್ತಿ?"

ಅವನು ನಿಜವಾಗಿಯೂ ಬಿಟ್ಟಿದ್ದ. ನನಗೆ ಗೊತ್ತಿತ್ತು ಕೂಡ. ಆದರೂ ಬಾಯಿ ನಿಲ್ಲಲಿಲ್ಲ. ಮೆಡಿಕಲ್ ಮಾಡಿದ ಜಾಗದವರೇ ಎರಡು ಬಗೆಯ ಗುಳಿಗೆ ಕೊಟ್ಟಿದ್ದರು, ಎಂಟು ದಿನ ನುಂಗಿ ಬಾ, ಇಳಿದರೆ ಪಾಸು ಮಾಡುತ್ತೇವೆ ಎಂದು. ಒಂಬತ್ತನೇ ದಿನ ಮೆಡಿಕಲ್, ಅದರ ಮೇಲಿನ ಸೋಮವಾರ ಶಟ್‌ಡೌನ್ ಶುರು. ಅವನಿಗೆ ಗುಳಿಗೆ ನುಂಗಲು ಮನಸ್ಸಿರಲಿಲ್ಲ. ನುಂಗಿಸಿದವಳು ನಾನು. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಅವನ ಹೆಂಡತಿಗೆ ಫೋನು ಮಾಡಿ, ನುಂಗಿದನೋ ಇಲ್ಲವೋ ಎಂದು ಕೇಳುತ್ತಿದ್ದೆ. ಉಪ್ಪು ಪೂರ್ತಿ ನಿಲ್ಲಿಸು ಅಂದೆ. ಅವಳು ಪಾಪದವಳು, ನಿಲ್ಲಿಸಿದಳು.

ನಾಲ್ಕನೆಯ ದಿನ ತಮ್ಮನೇ ಫೋನು ಮಾಡಿದ. "ಅಕ್ಕಾ, ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ತೈತಿ."

"ಅದು ಬಿಪಿ ಇಳಿಯಾಕತ್ತೈತಿ. ಸುಮ್ನ ನುಂಗು."

ಆರನೆಯ ದಿನ ಅವನ ಹೆಂಡತಿ, "ಅಕ್ಕಾ, ಬಚ್ಚಲದಾಗ ಗ್ವಾಡಿ ಹಿಡ್ಕೊಂಡು ನಿಂತಿದ್ರು. ಒಂದಿನ ಗುಳಿಗಿ ಬಿಡ್ಲೇನ್ರಿ?" ಅಂದಳು.

"ಬಿಟ್ಟು ನೋಡು, ಅಲ್ಲಿಗೇ ಬಂದು ಇಬ್ರಿಗೂ ನುಂಗಸ್ತೀನಿ," ಅಂದೆ.

ಒಂಬತ್ತನೆಯ ದಿನ ಅಂಗಡಿಗೆ ಬೀಗ ಹಾಕಿ ನಾನೂ ಅವನ ಜೊತೆ ಹೋದೆ. ಬಿಪಿ ಇಳಿಯಿತೋ ಇಲ್ಲವೋ ಎಂದು ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ. ಮೆಡಿಕಲ್ ಮಾಡುವ ಜಾಗ ರಸ್ತೆಯ ಬದಿಯ ಒಂದು ತಗಡಿನ ಶೆಡ್ಡು. ಮುಂದೆ ಬೋರ್ಡು ದೊಡ್ಡದು, ಒಳಗೆ ಒಂದು ಟೇಬಲ್ಲು, ಎರಡು ಕುರ್ಚಿ. ಡಾಕ್ಟರ ಕುರ್ಚಿ ಖಾಲಿ ಇತ್ತು. ಅವರ ಠಸ್ಸೆ ಟೇಬಲ್ಲಿನ ಮೇಲೆ ಇತ್ತು. ಇನ್ನೊಂದು ಕುರ್ಚಿಯಲ್ಲಿ ಒಬ್ಬ ಕಂಪೌಂಡರು ಕೂತು, ಬಂದವರ ತೋಳಿಗೆ ಪಟ್ಟಿ ಸುತ್ತುತ್ತಿದ್ದ, ಮಷೀನಿನ ಗುಂಡಿ ಒತ್ತುತ್ತಿದ್ದ, ಬಂದ ಅಂಕಿಯನ್ನು ಕೂಗಿ ಚೀಟಿಗೆ ಬರೆಯುತ್ತಿದ್ದ. ಬ್ಯಾಟರಿಯ ಹೊಸ ಮಷೀನು. ಇಪ್ಪತ್ತು ಜನರ ಸಾಲಿತ್ತು.

ನಮ್ಮ ಮುಂದೆ ಒಬ್ಬ ಕಡ್ಡಿಯಂಥ ವೆಲ್ಡರು ಕೂತ. ಕಂಪೌಂಡರು ಮಷೀನು ನೋಡಿದ. "ನೂರಾ ಅರವತ್ತು, ತೊಂಬತ್ತಾರು. ಅನ್‌ಫಿಟ್. ಮೊದ್ಲು ಎಣ್ಣಿ ಬಿಡು."

"ನಾ ಕುಡಿಯಾಂಗಿಲ್ರೀ."

"ಎಲ್ಲಾರೂ ಹಂಗ ಅಂತೀರಿ. ನಿಮ್ಮ ಮಂದಿಗೆಲ್ಲಾ ಬಿಪಿ ಇರ್ತೈತಿ. ಮೆಣಸಿನಕಾಯಿ ತಿನ್ನೂದು ಕಮ್ಮಿ ಮಾಡ್ರಿ."

ಅವನ ಹಿಂದಿನವನೂ ಅನ್‌ಫಿಟ್. ಅವನ ಹಿಂದಿನವನೂ. ಒಂದು ಊರಿನ ಗಂಡಸರಿಗೆಲ್ಲ ಒಂದೇ ವಾರದಲ್ಲಿ ಬಿಪಿ ಏರಿದೆ, ಆ ಮನುಷ್ಯನಿಗೆ ಇದೇನಪ್ಪಾ ಅನ್ನಿಸುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಕೂಲಿಯವರೆಂದರೆ ಕುಡಿಯುತ್ತಾರೆ, ಕುಡಿದರೆ ಬಿಪಿ ಬರುತ್ತದೆ, ಮುಗಿಯಿತು.

ತಮ್ಮನ ಸರದಿ ಬಂತು. ಪಟ್ಟಿ ಉಬ್ಬಿತು, ಇಳಿಯಿತು. ಕಂಪೌಂಡರು ಕೂಗಿದ. "ನೂರಾ ಮೂವತ್ತೊಂದು, ಎಂಬತ್ನಾಕು. ನೋಡ್ದ್ಯಾ, ಗುಳಿಗಿ ನುಂಗಿದ್ರ ಹೆಂಗ ಇಳೀತೈತಿ. ಫಿಟ್."

ತಮ್ಮ ನನ್ನ ಕಡೆ ತಿರುಗಿ ನಕ್ಕ. ಎಂಟು ದಿನದಲ್ಲಿ ಅವನ ಮುಖ ಬಾಡಿಹೋಗಿತ್ತು, ಆ ಮುಖದಲ್ಲೇ ನಕ್ಕ. ನನಗೂ ನಿರಾಳವಾಯಿತು. ಅವನ ಬೆನ್ನ ಹಿಂದೆ ನಿಂತಿದ್ದವಳು ಮಷೀನಿನ ಕಡೆ ನೋಡಿದೆ. ಕೆಲಸದ ಚಾಳಿ. ಯಾವ ಮೀಟರಾದರೂ ನನ್ನ ಕಣ್ಣು ಮೊದಲು ಮುಳ್ಳಿಗೆ ಹೋಗುವುದಿಲ್ಲ, ಕೆಳಗೆ ಏನು ಅಚ್ಚಾಗಿದೆ ಎಂದು ನೋಡುತ್ತದೆ. ಕೆಳಗಿನ ಮೂಲೆಯಲ್ಲಿ ಇಂಗ್ಲಿಷಿನ ಮೂರು ಸಣ್ಣ ಅಕ್ಷರ ಇದ್ದವು. ಕೆಪಿಎ. ಕಿಲೋಪಾಸ್ಕಲ್.

ಮತ್ತೆ ಮೇಲೆ ನೋಡಿದೆ. ಒಂದು, ಮೂರು, ಒಂದು ಅಲ್ಲ ಅದು. ಮೂರಕ್ಕೂ ಕೊನೆಯ ಒಂದಕ್ಕೂ ನಡುವೆ ಎಳ್ಳಿನಷ್ಟು ಚುಕ್ಕೆ ಇತ್ತು. ಹದಿಮೂರು ಪಾಯಿಂಟ್ ಒಂದು. ಎಂಟು ಪಾಯಿಂಟ್ ನಾಲ್ಕು.

ಬಿಪಿಯನ್ನು ಎಣಿಸುವುದು ಪಾದರಸದ ಮಿಲಿಮೀಟರಿನಲ್ಲಿ. ಹಳೆಯ ಮಷೀನಿನ ಗಾಜಿನ ಕೊಳವೆಯಲ್ಲಿ ಪಾದರಸ ಎಷ್ಟು ಮಿಲಿಮೀಟರು ಏರುತ್ತಿತ್ತೋ ಅದೇ ನಾವು ನೂರಾ ಇಪ್ಪತ್ತು, ಎಂಬತ್ತು ಅನ್ನುವುದು. ಒಂದು ಕಿಲೋಪಾಸ್ಕಲಿಗೆ ಏಳೂವರೆ ಮಿಲಿಮೀಟರು. ಹದಿಮೂರು ಪಾಯಿಂಟ್ ಒಂದನ್ನು ಏಳೂವರೆಯಿಂದ ಗುಣಿಸಿದೆ. ತೊಂಬತ್ತೆಂಟು. ಕೆಳಗಿನದು ಅರವತ್ಮೂರು. ಅಲ್ಲಿಯೇ ನಿಂತು ಹಿಂದಿನ ಚೀಟಿಯನ್ನೂ ಗುಣಿಸಿದೆ. ಅದು ನೂರಾ ಎಪ್ಪತ್ಮೂರಾಗಿರಲಿಲ್ಲ, ಹದಿನೇಳು ಪಾಯಿಂಟ್ ಮೂರಾಗಿತ್ತು. ಅಂದರೆ ನೂರಾ ಮೂವತ್ತು. ಕೆಳಗಿನದು ಎಂಬತ್ತೈದು. ಅವನು ಪಾಸಾಗಿದ್ದ. ಮೊದಲನೇ ದಿನವೇ ಗಟ್ಟಿಮುಟ್ಟಾಗಿ ಪಾಸಾಗಿದ್ದ. ಇಲ್ಲದ ರೋಗಕ್ಕೆ ಎಂಟು ದಿನ ಔಷಧಿ ನುಂಗಿ ಈಗ ಬಚ್ಚಲಿನ ಗೋಡೆ ಹಿಡಿದು ನಿಲ್ಲುವ ಸ್ಥಿತಿಗೆ ಬಂದಿದ್ದಾನೆ, ಈಗ ಅವನಿಗೆ ಫಿಟ್ ಎಂದು ಬರೆಯುತ್ತಿದ್ದಾರೆ. ಸೋಮವಾರ ಎಲ್ಲರಿಗಿಂತ ಮೊದಲು ಮೇಲೆ ಹತ್ತುವವನು ಅವನೇ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುವವನು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಬಿಳಿ ಹೆಲ್ಮೆಟ್ಟು ಸಿಗುತ್ತಿತ್ತು. ಆ ಶೆಡ್ಡಿನಲ್ಲಿ ನನ್ನೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಚೀಟಿ ಬರೀಬ್ಯಾಡ್ರಿ," ಅಂದೆ. "ಮಷೀನು ಕಿಲೋಪಾಸ್ಕಲಿನಾಗ ಐತಿ. ನೀವು ಓದಾಕತ್ತಿದ್ದು ತಪ್ಪು."

ಕಂಪೌಂಡರು ತಲೆ ಎತ್ತಿದ. "ನೀವು ಡಾಕ್ಟರೇನ್ರಿ?"

"ಗೇಜು ರಿಪೇರಿ ಮಾಡ್ತೀನಿ."

"ಗೇಜು ಬ್ಯಾರೆ, ಮನಷ್ಯಾ ಬ್ಯಾರೆ. ಅಕ್ಕಾರ, ಹಿಂದ ಸಾಲೈತಿ, ಸ್ವಲ್ಪ ಸರೀರಿ."

ತಮ್ಮ ನನ್ನ ಮುಂಗೈ ಹಿಡಿದ. ಗಟ್ಟಿಯಾಗಿ ಹಿಡಿದ. ತಗ್ಗಿದ ದನಿಯಲ್ಲಿ, "ಅಕ್ಕಾ, ನಿನ್ನ ಕಾಲಿಗಿ ಬೀಳ್ತೀನಿ, ಸುಮ್ಕಿರು. ಪಾಸಾಗೈತಿ. ಹತ್ತು ಮಂದಿಗೆ ಮಾತು ಕೊಟ್ಟೀನಿ," ಅಂದ.

"ನಿನ್ನ ಬಿಪಿ ತೊಂಬತ್ತೆಂಟು ಐತಲೇ. ಮ್ಯಾಲಿಂದ ಬೀಳ್ತಿ."

"ಬೀಳಂಗಿಲ್ಲ. ಎರಡು ದಿನ ಉಪ್ಪು ತಿಂತೀನಿ, ಸರಿ ಹೋಗ್ತೈತಿ. ನೀ ಸುಮ್ಕಿರಕ್ಕ."

ನಾನು ಕೈ ಬಿಡಿಸಿಕೊಂಡೆ. ಖಾಲಿ ಇದ್ದ ಡಾಕ್ಟರ ಕುರ್ಚಿಯಲ್ಲಿ ಕೂತು, ಪಟ್ಟಿಯನ್ನು ನನ್ನ ತೋಳಿಗೆ ನಾನೇ ಸುತ್ತಿಕೊಂಡು ಗುಂಡಿ ಒತ್ತಿದೆ. ಹದಿನೈದು ಪಾಯಿಂಟ್ ಮೂರು, ಹತ್ತು ಪಾಯಿಂಟ್ ನಾಲ್ಕು ಬಂತು. ಆ ಮನುಷ್ಯ ಬಗ್ಗಿ ನೋಡಿದ.

"ನೂರಾ ಐವತ್ಮೂರು, ನೂರಾ ನಾಕು. ನೋಡ್ರಿ, ನಿಮಗೂ ಬಿಪಿ ಐತಿ. ಅದಕ್ಕ ಇಷ್ಟು ಸಿಟ್ಟು ನಿಮಗ."

ಸಾಲಿನಲ್ಲಿದ್ದವರು ನಕ್ಕರು. ಅವತ್ತು ನನಗೆ ಬಂದ ಸಿಟ್ಟು ಅದಕ್ಕಿಂತ ಮೊದಲು ಬಂದಿರಲಿಲ್ಲ. ಮಷೀನನ್ನು ತಿರುಗಿಸಿ ನೋಡಿದೆ. ಇಂಥವುಗಳಲ್ಲಿ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಅಳತೆ ಬದಲಾಗುತ್ತದೆ. ಯಾರೋ ಯಾವತ್ತೋ ಗೊತ್ತಿಲ್ಲದೆ ಹಿಡಿದಿದ್ದಾರೆ, ಬದಲಾಗಿದೆ. ನಾನು ಹಿಡಿದೆ. ಮೂಲೆಯ ಅಕ್ಷರಗಳು ಬದಲಾದವು. ಅದೇ ತೋಳಿಗೆ ಮತ್ತೆ ಒತ್ತಿದೆ. ನೂರಾ ಹದಿನಾರು, ಎಪ್ಪತ್ತೆಂಟು. ಆಮೇಲೆ ತಮ್ಮನ ತೋಳನ್ನು ಎಳೆದುಕೊಂಡು ಪಟ್ಟಿ ಸುತ್ತಿದೆ. ಅವನು ಕೊಡಲು ಒಪ್ಪಲಿಲ್ಲ, ಎಳೆದೇ ಸುತ್ತಿದೆ. ತೊಂಬತ್ತೇಳು, ಅರವತ್ತೆರಡು.

ಈಗ ಯಾರೂ ನಗಲಿಲ್ಲ. ಕಡ್ಡಿಯಂಥ ವೆಲ್ಡರು ತನ್ನ ಚೀಟಿ ಹಿಡಿದುಕೊಂಡು ಮುಂದೆ ಬಂದು, "ಅಕ್ಕಾರ, ನಂದು ನೂರಾ ಅರವತ್ತು ಅಂದ್ರ ಎಷ್ಟಾತ್ರಿ?" ಎಂದು ಕೇಳಿದ. ನೂರಾ ಇಪ್ಪತ್ತು ಎಂದು ಹೇಳಿದೆ. ಅವನು ಚೀಟಿಯನ್ನು ಕಂಪೌಂಡರ ಮುಂದಿಟ್ಟ.

ಕಂಪೌಂಡರು ಡಾಕ್ಟರಿಗೆ ಫೋನು ಹಚ್ಚಿದ, ಅವರ ದನಿ ನಮಗೂ ಕೇಳುತ್ತಿತ್ತು. ಮಷೀನು ಹೀಗಾಗಿದೆಯಂತೆ, ಒಬ್ಬ ಹೆಂಗಸು ಗದ್ದಲ ಮಾಡುತ್ತಿದ್ದಾಳೆ ಅಂದ. ಅವರು ಎಂಟು ದಿನದಿಂದ ಯಾರಿಗೆಲ್ಲ ಗುಳಿಗೆ ಕೊಟ್ಟಿದ್ದೀರಿ ಎಂದು ಕೇಳಲಿಲ್ಲ. "ಈಗ ಆ ಮನಷ್ಯಂದು ಎಷ್ಟೈತಿ? ತೊಂಬತ್ತೇಳಾ? ಹಂಗಾದ್ರ ಲೋ ಬಿಪಿ ಅಂತ ಅನ್‌ಫಿಟ್ ಬರಿ," ಅಂದರು. ಫೋನು ಇಟ್ಟರು.

ಅಷ್ಟೇ. ಫಿಟ್ ಎಂದು ಬರೆದಿದ್ದರ ಮೇಲೆ ಗೆರೆ ಎಳೆದು, ಅದೇ ನೇರಳೆ ಠಸ್ಸೆ. ಗಟ್ಟಿ ಇದ್ದಾಗ ಒಂದು ಸಲ ಅನ್‌ಫಿಟ್, ಅವರೇ ಕೆಡಿಸಿದ ಮೇಲೆ ಇನ್ನೊಂದು ಸಲ ಅನ್‌ಫಿಟ್. ತಪ್ಪಾಯಿತು ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಹಿಂದಿನ ದಿನಗಳಲ್ಲಿ ತಿರುಗಿ ಹೋದವರ ಗತಿ ಏನು ಎಂದು ಕಂಪೌಂಡರನ್ನು ಕೇಳಿದೆ. "ಬರ್ಲಿ, ಇನ್ನೊಮ್ಮೆ ನೋಡಿದ್ರಾತು," ಅಂದ. ಇನ್ನು ಮೇಲಾದರೂ ಅಂಕಿಯ ಮುಂದೆ ಯಾವ ಅಳತೆ ಎಂದು ಬರೆಯಿರಿ ಅಂದೆ.

"ಚೀಟಿಯಾಗ ಜಾಗಿಲ್ರೀ ಅಕ್ಕಾರ."

ಹೊಸಪೇಟೆಯವರೆಗೆ ಬಸ್ಸಿನಲ್ಲಿ ತಮ್ಮ ನನ್ನ ಪಕ್ಕ ಕೂರಲಿಲ್ಲ. ಹಿಂದಿನ ಸೀಟಿಗೆ ಹೋಗಿ ಕೂತ. ಸರ್ಕಾರಿ ಆಸ್ಪತ್ರೆಗೆ ಮಾತ್ರ ನಾನು ಹೇಳಿದಂತೆ ಬಂದ. ಅಲ್ಲಿಯ ಡಾಕ್ಟರಮ್ಮ ಗುಳಿಗೆಯ ಹಾಳೆಗಳನ್ನು ನೋಡಿ, ಅವನ ಕಣ್ಣು ನೋಡಿ, "ಇವನ್ನ ಯಾರು ನುಂಗಾಕ ಹೇಳಿದ್ರು?" ಎಂದು ಕೇಳಿದರು. ತಮ್ಮ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ, "ಮೆಡಿಕಲ್‌ನವ್ರು," ಅಂದ. ಗುಳಿಗೆಯನ್ನು ಹೇಗೆ ನಿಲ್ಲಿಸಬೇಕು ಎಂದು ಅವರು ಬರೆದುಕೊಟ್ಟರು, ಎಲ್ಲರಂತೆ ಉಪ್ಪು ಹಾಕಿ ಉಣ್ಣು ಅಂದರು.

ಶಟ್‌ಡೌನ್ ಬೇರೊಬ್ಬ ಮೇಸ್ತ್ರಿಯ ಕೈಕೆಳಗೆ ನಡೆಯಿತು. ತಮ್ಮ ಆರಿಸಿದ ಹತ್ತು ಜನರೂ ಅದರಲ್ಲಿದ್ದರು. ಅವರಲ್ಲಿ ಅನ್‌ಫಿಟ್ ಆಗಿದ್ದವರೆಲ್ಲ ಮರುದಿನವೇ ಪಾಸಾದರು, ಕಡ್ಡಿಯಂಥ ವೆಲ್ಡರೂ ಪಾಸಾದ. ತಿಂಗಳು ಹತ್ತಿರವಾಯಿತು, ತಮ್ಮ ನನಗೆ ಫೋನು ಮಾಡಲಿಲ್ಲ. ನಾನು ಮಾಡಿದರೆ ಅವನ ಹೆಂಡತಿ ಎತ್ತುತ್ತಿದ್ದಳು. ಆ ವೆಲ್ಡರು ಒಮ್ಮೆ ಯಾವುದೋ ಗೇಜು ತೆಗೆದುಕೊಂಡು ಅಂಗಡಿಗೆ ಬಂದವನು ಸುದ್ದಿ ಹೇಳಿದ. ಆ ಶೆಡ್ಡಿನ ಬಾಗಿಲಿಗೆ ಈಗ ಒಂದು ಕಾಗದ ಅಂಟಿಸಿದ್ದಾರಂತೆ, ಬಿಪಿ ಯಂತ್ರ ರಿಪೇರಿಯಾಗಿದೆ ಎಂದು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಟೇಬಲ್ಲಿನ ಮೇಲೆ ಕುಕ್ಕಿದೆ. ರಿಪೇರಿಯಂತೆ. ಆ ಮಷೀನು ಒಂದು ದಿನವೂ ಕೆಟ್ಟಿರಲಿಲ್ಲ. ಎಂಟು ದಿನವೂ ನಿಜವನ್ನೇ ಹೇಳಿತ್ತು, ಕೆಳಗೆ ಅಳತೆಯನ್ನೂ ಬರೆದು ತೋರಿಸಿತ್ತು. ಮನುಷ್ಯರ ತಪ್ಪನ್ನು ಬಾಯಿಲ್ಲದ ಮಷೀನಿನ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದ್ದಾರೆ. ಕಂಪ್ಲಿಯಲ್ಲಿ ಆ ಮುದುಕನ ಕಣ್ಣಿನ ಮೇಲೆ ತಪ್ಪು ಹೊರಿಸಿದ ಹಾಗೆ. ಬಂದವರಿಗೆಲ್ಲ ಈ ಕತೆ ಹೇಳಿ ಬೈದೆ. ವಾರಗಟ್ಟಲೆ ಬೈದೆ. ಕೇಳಿದವರೂ ನನ್ನ ಜೊತೆ ಸೇರಿ ಬೈದರು. ಅದರಲ್ಲಿ ನನಗೆ ಒಂದು ಸಮಾಧಾನವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಶಟ್‌ಡೌನ್ ಮುಗಿದ ಮೇಲೆ ಒಂದು ದಿನ ತಮ್ಮ ಬಂದ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದಿದ್ದ. ನೂರಾ ಇಪ್ಪತ್ತೆಂಟು, ಎಂಬತ್ನಾಲ್ಕು ಅಂದ. ಮುಖಕ್ಕೆ ಬಣ್ಣ ಬಂದಿತ್ತು. ಕೂತ್ಕೋ, ಚಹಾ ತರಿಸ್ತೀನಿ ಅಂದೆ. ಅಪ್ಪನ ಕುರ್ಚಿಯ ಎದುರಿನ ಆ ಹಳೆಯ ಸ್ಟೂಲಿನ ಮೇಲೆ ಕೂತ.

ಆಗ ಕಂಪ್ಲಿಯ ಮಿಲ್ಲಿನಿಂದ ಒಬ್ಬ ಬಂದಿದ್ದ. ಗೇಜಿನ ಜೊತೆ ಚೀಟಿ ಕೊಟ್ಟ. ಚೀಟಿಯಲ್ಲಿ ಹತ್ತು ಎಂದಿತ್ತು, ಬರೀ ಹತ್ತು. ನಾನು ಗೇಜನ್ನು ಮುಟ್ಟಲಿಲ್ಲ. "ಯಾತರಾಗ ಅಂತ ಬರ್ಸಿಕೊಂಡು ಬಾರಪಾ," ಎಂದು ಚೀಟಿಯನ್ನು ಅವನ ಕೈಗೇ ಕೊಟ್ಟೆ. ಅಷ್ಟು ದೂರದಿಂದ ಬಂದೀನ್ರಿ ಅಂದ. ಎಲ್ಲಿಂದ ಬಂದರೂ ಅಷ್ಟೇ ಅಂದೆ. ಅವನು ಗೊಣಗುತ್ತ ಮೆಟ್ಟಿಲು ಇಳಿದು ಹೋಗುವವರೆಗೆ ತಮ್ಮ ನೋಡುತ್ತ ಕೂತಿದ್ದ.

ಆಮೇಲೆ ಅಂಗಿಯ ಜೇಬಿನಿಂದ ಮಡಚಿದ ಒಂದು ಚೀಟಿ ತೆಗೆದು, ಬಿಡಿಸಿ, ಟೇಬಲ್ಲಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟ. ಅದು ಮೊದಲನೇ ದಿನದ್ದು. ಮಡಿಕೆ ನಾನು ಹಾಕಿದ್ದೇ.

"ಅಕ್ಕಾ, ಇದರಾಗ ಯಾತರಾಗ ಅಂತ ಬರದೈತೇನು?"

ನೋಡಿದೆ. 173/113. ಅಷ್ಟೇ ಇತ್ತು.

"ಇಲ್ಲ," ಅಂದೆ.

"ಮಿಲ್ಲಿನವ್ರದು ಬರೀ ಅಂಕಿ ಇದ್ರ ಹಿಂದಕ ಕಳಸ್ತಿ. ನಂದು ಹೆಂಗ ಓದಿದಿ?"

ಅವನು ಸಿಟ್ಟಿನಿಂದ ಕೇಳಲಿಲ್ಲ. ಸಿಟ್ಟಿನಿಂದ ಕೇಳಿದ್ದರೆ ನಾನೂ ಏನಾದರೂ ತಿರುಗಿ ಅಂದುಬಿಡುತ್ತಿದ್ದೆ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ, ಉತ್ತರಕ್ಕೆ ಕಾಯುತ್ತ ಅಪ್ಪನ ನೀಲಿ ಬರಹದ ಕೆಳಗೆ ಕೂತಿದ್ದ.